ಹೆಣ್ಣು ಮೊಣಕಾಲಿನ ಅಳತೆ

ಜೋಳದ ರೊಟ್ಟಿ ಬಡಿಯಲು ಒಲೆಯ ಮುಂದೆ ಕೂತ ಹೆಂಗಸಿನ ಭಂಗಿಯನ್ನು ಎಲುಬಿನ ಡಾಕ್ಟರರ ಕಣ್ಣಿನಿಂದ ನೋಡಬೇಕು. ಒಂದು ಕಾಲು ಪೂರ್ತಿ ಮಡಚಿ ನೆಲಕ್ಕೆ ಒರಗಿದೆ, ಇನ್ನೊಂದು ಕಾಲಿನ ಮೊಣಕಾಲು ಎದೆಯ ಹತ್ತಿರ ಎದ್ದು ನಿಂತಿದೆ. ಎರಡೂ ಮೊಣಕಾಲುಗಳು ಮಡಿಯಬಹುದಾದ ಕೊನೆಯ ಅಂಚಿನವರೆಗೆ ಮಡಿದಿವೆ. ಕುರ್ಚಿಯಿಂದ ಎದ್ದೇಳಲು ಮೊಣಕಾಲು ನೂರು ಡಿಗ್ರಿಯ ಆಸುಪಾಸು ಬಾಗಿದರೆ ಸಾಕು. ಈ ಭಂಗಿಗೆ ನೂರಮೂವತ್ತೂ ಸಾಲದು. ಗುಡೂರು, ಸೂಳೇಭಾವಿ, ಕಮತಗಿ, ಇಳಕಲ್ ಸುತ್ತಿನ ನೇಕಾರರ ಮನೆಗಳಲ್ಲಿ ಇದೇ ಹೆಂಗಸು ರೊಟ್ಟಿ ಮುಗಿಸಿ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಾಳೆ. ಹೊಲವಿದ್ದವಳು ಶೇಂಗಾದ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಸ ತೆಗೆಯುತ್ತ ಇಂಚಿಂಚೇ ಮುಂದೆ ಸರಿಯುತ್ತಾಳೆ. ಗಂಡಸು ಗುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಾನೆ. ಅದೂ ಕಷ್ಟದ ದುಡಿಮೆಯೇ, ಬೆನ್ನು ಹಿಡಿಯುತ್ತದೆ. ಮೊಣಕಾಲಿನ ಮಟ್ಟಿಗೆ ಮಾತ್ರ ಅದು ಕುರ್ಚಿಯಲ್ಲಿ ಕೂತ ಹಾಗೆ.

ಐವತ್ತು ದಾಟುವ ಹೊತ್ತಿಗೆ ಇವರಲ್ಲಿ ಹಲವರು ಗೋಡೆ ಹಿಡಿದು ಏಳುತ್ತಾರೆ. ಮೊಣಕಾಲಿನೊಳಗೆ ಎರಡು ಎಲುಬುಗಳ ತುದಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿ ಸವೆದು, ಎಲುಬಿಗೆ ಎಲುಬು ತಾಗುವ ಕಾಯಿಲೆ ಇದು. ಇದಕ್ಕೆ ಕುಕ್ಕರಗಾಲೊಂದೇ ಕಾರಣವಲ್ಲ. ವಯಸ್ಸು, ತೂಕ, ಹಳೆಯ ಪೆಟ್ಟು, ಮನೆತನದ ಗುಣ ಎಲ್ಲವೂ ಸೇರಿವೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಏಕೆ ಇದು ಏರುತ್ತದೆ ಎಂಬುದರ ಬಗ್ಗೆ ವಿಜ್ಞಾನದೊಳಗೆ ಇನ್ನೂ ವಾದ ನಡೆದಿದೆ. ಆದರೆ ನೆಲದ ಬದುಕಿಗೂ ಪಾಲಿದೆ ಎನ್ನಲು ಆಧಾರಗಳಿವೆ. ಬೀಜಿಂಗಿನ ವಯಸ್ಸಾದ ನಿವಾಸಿಗಳ ಎಕ್ಸ್‌ರೇಗಳನ್ನು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನವರ ಎಕ್ಸ್‌ರೇಗಳ ಜೊತೆ ಹೋಲಿಸಿ 2001ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಗಂಡಸರಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣ. ಹೆಂಗಸರಲ್ಲಿ ಮಾತ್ರ ಬೀಜಿಂಗಿನ ಪ್ರಮಾಣ ಸುಮಾರು ಒಂದೂವರೆ ಪಟ್ಟು ಹೆಚ್ಚು. ಎಳೆಯ ವಯಸ್ಸಿನಲ್ಲಿ ದಿನಕ್ಕೆ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತವರಲ್ಲಿ ಮುಂದೆ ಸವಕಳಿ ಹೆಚ್ಚೆಂಬುದನ್ನೂ ಅದೇ ತಂಡ ಬಳಿಕ ತೋರಿಸಿತು. ಬೆಂಗಳೂರೂ ಸೇರಿ ದೇಶದ ಐದು ನಗರಗಳು ಮತ್ತು ಅವುಗಳ ಸುತ್ತಲಿನ ಪಟ್ಟಣ, ಹಳ್ಳಿಗಳಲ್ಲಿ ನಡೆದು 2016ರಲ್ಲಿ ಬೆಳಕಿಗೆ ಬಂದ ಭಾರತೀಯ ಸಮೀಕ್ಷೆಯಲ್ಲಿ ಒಟ್ಟು ಶೇ. 28.7 ಜನರಿಗೆ ಮೊಣಕಾಲಿನ ಸವಕಳಿ ಇತ್ತು. ಹೆಂಗಸರನ್ನಷ್ಟೇ ಲೆಕ್ಕ ಹಿಡಿದರೆ ಶೇ. 31.6.

ಮಾತ್ರೆ, ವ್ಯಾಯಾಮ, ಇಂಜೆಕ್ಷನ್ನುಗಳ ದಾರಿ ಮುಗಿದಾಗ ಉಳಿಯುವುದು ಕೀಲು ಬದಲಿ ಶಸ್ತ್ರಚಿಕಿತ್ಸೆ. ಊರಕಡೆ ಇದಕ್ಕೆ 'ಚಿಪ್ಪು ಬದಲಿ' ಎನ್ನುತ್ತಾರೆ. ಬದಲಾಗುವುದು ಮುಖ್ಯವಾಗಿ ಚಿಪ್ಪಿನ ಹಿಂದಿರುವ ಕೀಲು. ತೊಡೆಮೂಳೆಯ ಕೆಳತುದಿಯನ್ನು ಕೆಲವು ಮಿಲಿಮೀಟರಿನಷ್ಟು ಕೊಯ್ದು ಅದಕ್ಕೆ ಕೋಬಾಲ್ಟ್–ಕ್ರೋಮಿಯಂ ಲೋಹದ ಟೊಪ್ಪಿಗೆ ಕೂರಿಸುತ್ತಾರೆ. ಕೆಳಗಿನ ಕಾಲಿನ ಎಲುಬಿನ ತಲೆಯನ್ನು ಸಮತಟ್ಟು ಮಾಡಿ ಲೋಹದ ತಟ್ಟೆ ಇಡುತ್ತಾರೆ. ನಡುವೆ ಗಟ್ಟಿ ಪಾಲಿಎಥಿಲೀನಿನ ಒಂದು ಬಿಲ್ಲೆ, ಮೃದ್ವಸ್ಥಿಯ ಬದಲಿಗೆ. ಇಂದು ಬಳಕೆಯಲ್ಲಿರುವ ಬಹುಪಾಲು ಕೃತಕ ಮೊಣಕಾಲುಗಳ ಮೂಲಪುರುಷ 1974ರಲ್ಲಿ ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ ಬಂದ 'ಟೋಟಲ್ ಕಾಂಡೈಲರ್'. ಅದನ್ನು ರೂಪಿಸಿದವರು ಜಾನ್ ಇನ್ಸಾಲ್, ಪೀಟರ್ ವಾಕರ್ ಮತ್ತು ನಮ್ಮ ದೇಶದಿಂದ ಹೋದ ಚಿತ್ತರಂಜನ್ ರಾಣಾವತ್. ಪ್ರಧಾನಿ ವಾಜಪೇಯಿಯವರ ಎರಡೂ ಮೊಣಕಾಲುಗಳನ್ನು 2000 ಮತ್ತು 2001ರಲ್ಲಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಬದಲಿಸಿದ್ದೂ ಇದೇ ರಾಣಾವತ್. ಆ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂದಮೇಲೆ ನಮ್ಮ ಕಡೆಯ ಹಿರಿಯರಿಗೆ ಇಂಥದ್ದೊಂದು ಉಂಟು ಎಂದು ಗೊತ್ತಾಯಿತು. ಇವತ್ತು ಅದಕ್ಕಾಗಿ ಮುಂಬಯಿಗೆ ಹೋಗಬೇಕಿಲ್ಲ. ಬಾಗಲಕೋಟೆ, ಹುಬ್ಬಳ್ಳಿ, ವಿಜಯಪುರ, ಮೀರಜ್ ಯಾವುದಾದರೂ ಆದೀತು.

ಇಂಪ್ಲಾಂಟುಗಳು ಕಾರ್ಖಾನೆಯಿಂದ ಸೈಜುಗಳಲ್ಲಿ ಬರುತ್ತವೆ. ಸೈಜು ಆರಿಸುವುದರಲ್ಲೇ ಈ ಅಧ್ಯಾಯದ ತಕರಾರೆಲ್ಲ ಅಡಗಿದೆ, ಹಾಗಾಗಿ ಸ್ವಲ್ಪ ನಿಧಾನಿಸಿ ನೋಡೋಣ. ತೊಡೆಮೂಳೆಯ ತುದಿಗೆ ಎರಡು ಅಳತೆ: ಮುಂದಿನಿಂದ ಹಿಂದಕ್ಕೆ ಎಷ್ಟು ದಪ್ಪ, ಎಡದಿಂದ ಬಲಕ್ಕೆ ಎಷ್ಟು ಅಗಲ. ಡಾಕ್ಟರರು ಮೊದಲು ನೋಡುವುದು ದಪ್ಪವನ್ನು. ಅದು ತಪ್ಪಿದರೆ ಕಾಲು ಮಡಚಿದಾಗ ಕೀಲು ಬಿಗಿಯಾಗುತ್ತದೆ, ಇಲ್ಲವೇ ಸಡಿಲವಾಗುತ್ತದೆ. ದಪ್ಪಕ್ಕೆ ಸರಿಹೊಂದುವ ಸೈಜು ಆರಿಸಿದ ಮೇಲೆ ಅಗಲ ಅದರ ಜೊತೆಗೇ ಬರುತ್ತದೆ, ಬೇರೆ ಆಯ್ಕೆಯಿಲ್ಲ. ಇಳಕಲ್ ಸೀರೆಗೆ ಉಡುವವಳ ಅಳತೆ ಬೇಕಿಲ್ಲ. ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿಯುವಾಗ ಎದೆಯ ಅಳತೆಯೊಂದನ್ನೇ ಹಿಡಿದು ತೋಳನ್ನು ಅಂದಾಜಿಗೆ ಬಿಟ್ಟರೆ ಏನಾದೀತೋ ಇಲ್ಲಿ ಆಗುವುದೂ ಅದೇ. ಹೆಂಗಸರ ತೊಡೆಮೂಳೆಯ ತುದಿ ಒಂದೇ ದಪ್ಪದ ಗಂಡಸರ ಮೂಳೆಗಿಂತ ಸರಾಸರಿಯಲ್ಲಿ ತುಸು ಕಿರಿದು. ಹಾಗಾಗಿ ಅವರಲ್ಲಿ ಲೋಹದ ಅಂಚು ಎಲುಬಿನಾಚೆ ಚಾಚಿಕೊಳ್ಳುವುದು ಹೆಚ್ಚು. ಚಾಚು ತಪ್ಪಿಸಲು ಒಂದು ಸೈಜು ಕೆಳಗಿಳಿದರೆ ಮೂಳೆಯ ಮುಂಭಾಗಕ್ಕೆ ಕಚ್ಚು ಬೀಳುವ ಭಯ, ಇಲ್ಲವೇ ಮಡಚಿದಾಗ ಕೀಲು ಅಲುಗಾಡುವ ಭಯ.

ಈ ಸಂದಿಗ್ಧಕ್ಕೆ ಉತ್ತರ ತನ್ನ ಬಳಿ ಇದೆ ಎಂದು 2006ರಲ್ಲಿ ಅಮೆರಿಕದ ಜಿಮ್ಮರ್ ಕಂಪನಿ ಮುಂದೆ ಬಂತು. ಅದರ ಹೊಸ ಮಾಲಿನ ಹೆಸರು 'ಜೆಂಡರ್ ಸೊಲ್ಯೂಷನ್ಸ್'. ಮಹಿಳೆಯರಿಗೆಂದೇ ಮಾಡಿದ ಮೊಣಕಾಲು ಎಂಬುದು ಅದರ ಜಾಹೀರಾತು. ಹಿಂದಿನ ಮಾದರಿಗಿಂತ ಅದರಲ್ಲಿ ಮೂರು ಬದಲಾವಣೆಗಳಿದ್ದವು. ಒಂದೇ ದಪ್ಪಕ್ಕೆ ಅಗಲ ಕಡಿಮೆ. ಚಿಪ್ಪಿನ ಕೆಳಗೆ ಬರುವ ಮುಂಭಾಗದ ಲೋಹ ತೆಳು. ಚಿಪ್ಪು ಜಾರುವ ತೋಡಿನ ಓರೆ ಸ್ವಲ್ಪ ಹೆಚ್ಚು, ಏಕೆಂದರೆ ಹೆಂಗಸರ ಸೊಂಟ ಅಗಲ, ತೊಡೆಯ ಸ್ನಾಯು ಚಿಪ್ಪನ್ನು ಎಳೆಯುವ ಕೋನವೂ ಹೆಚ್ಚು ಎಂಬ ನಂಬಿಕೆ. ಅಮೆರಿಕದಲ್ಲಿ ಮೊಣಕಾಲು ಬದಲಿಸಿಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚು, ಆದ್ದರಿಂದ ಮಾರುಕಟ್ಟೆ ದೊಡ್ಡದು. ಟಿವಿಯಲ್ಲಿ ಜಾಹೀರಾತು ಬಂತು, ರೋಗಿಗಳೇ ಡಾಕ್ಟರರ ಬಳಿ ಹೋಗಿ ಅದೇ ಬೇಕು ಎಂದು ಕೇಳತೊಡಗಿದರು. ಉಳಿದ ಕಂಪನಿಗಳೂ ಸುಮ್ಮನಿರಲಿಲ್ಲ. ಕೆಲವು ಕಿರಿದಾದ ಸೈಜುಗಳನ್ನು ತಂದವು, ಕೆಲವು ನಮ್ಮ ಹಳೆಯ ಮಾದರಿಯೇ ಇಬ್ಬರಿಗೂ ಹೊಂದುತ್ತದೆ ಎಂದವು.

ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟ ದಾರಿ ಗಮನಿಸಬೇಕಾದದ್ದು. ಮಾರುಕಟ್ಟೆಯಲ್ಲಿ ಈಗಾಗಲೇ ಇರುವ ಸಾಧನಕ್ಕೆ ಇದು ಬಹುಪಾಲು ಸಮಾನ ಎಂದು ತೋರಿಸಿದರೆ ಸಾಕು, ರೋಗಿಗಳ ಮೇಲಿನ ಹೊಸ ಪ್ರಯೋಗ ಕಡ್ಡಾಯವಿಲ್ಲ, ಅಂಥ ದಾರಿ ಅದು. ಅಂದರೆ ಸರ್ಕಾರದ ಮುಂದೆ ಇದು ಹಳೆಯದರಂತೆಯೇ ಎಂಬ ವಾದ, ಕೊಳ್ಳುವವರ ಮುಂದೆ ಇದು ಹಳೆಯದರಂತಲ್ಲ ಎಂಬ ವಾದ. ಕಾನೂನಿನ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ. ಆದರೂ ಓದುವಾಗ ಒಂದು ಕ್ಷಣ ನಗು ಬರುತ್ತದೆ.

ನಂಬಿಕೆಯ ಬುಡವನ್ನು ಅಲುಗಿಸಿದ್ದು ಅಳತೆಪಟ್ಟಿ ಹಿಡಿದವರು. ಸ್ನಾಯು ಚಿಪ್ಪನ್ನು ಎಳೆಯುವ ಕೋನ ಹೆಂಗಸರಲ್ಲಿ ಹೆಚ್ಚು ಎಂದು ಪಠ್ಯಪುಸ್ತಕಗಳು ಎಷ್ಟೋ ಕಾಲದಿಂದ ಹೇಳುತ್ತಿದ್ದವು. ರೊನಾಲ್ಡ್ ಗ್ರೆಲ್ಸಾಮರ್ ಮತ್ತು ಸಂಗಡಿಗರು 2005ರಲ್ಲಿ 69 ಜನರನ್ನು ಅಳೆದಾಗ ಗಂಡು ಹೆಣ್ಣುಗಳ ನಡುವಿನ ಸರಾಸರಿ ವ್ಯತ್ಯಾಸ ಬರೀ 2.3 ಡಿಗ್ರಿ ಇತ್ತು. ಒಂದೇ ಎತ್ತರದ ಗಂಡಸು ಹೆಂಗಸರನ್ನು ಪಕ್ಕಪಕ್ಕ ನಿಲ್ಲಿಸಿದರೆ ಕೋನವೂ ಹೆಚ್ಚುಕಡಿಮೆ ಒಂದೇ. ಹೆಂಗಸರ ಗುಣವೆಂದು ಎಣಿಸಿದ್ದರಲ್ಲಿ ಬಹುಪಾಲು ಕುಳ್ಳಗಿರುವವರ ಗುಣವಾಗಿತ್ತು. ಅಲನ್ ಮರ್ಚೆಂಟ್, ಎಲಿಜಬೆತ್ ಅರೆಂಟ್ ಮೊದಲಾದ ಮೊಣಕಾಲು ತಜ್ಞರು 2008ರಲ್ಲಿ ಒಟ್ಟಾಗಿ ಬರೆದ ವಿಮರ್ಶೆಯಲ್ಲಿ ಹೊಸ ಮಾದರಿಯ ಮೂರೂ ಬದಲಾವಣೆಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಇವಕ್ಕೆ ಬೇಕಾದಷ್ಟು ಆಧಾರವಿಲ್ಲ ಎಂದರು. ಬೆಲ್ಜಿಯಂನ ಯೋಹಾನ್ ಬೆಲ್ಲೆಮನ್ಸ್ ತಂಡ 2010ರಲ್ಲಿ ಶಸ್ತ್ರಚಿಕಿತ್ಸೆಗೆ ಬಂದ ಒಂದು ಸಾವಿರ ರೋಗಿಗಳ ಮೊಣಕಾಲನ್ನು ಅಳೆಯಿತು. ಲಿಂಗಕ್ಕೂ ಪಾತ್ರವಿತ್ತು, ಮೈಕಟ್ಟಿಗೂ ಇತ್ತು. ಗಿಡ್ಡಕ್ಕೆ, ಅಗಲಕ್ಕೆ ಇರುವವರ ಮೊಣಕಾಲು ಗಂಡಾಗಲಿ ಹೆಣ್ಣಾಗಲಿ ಅಗಲವಾಗಿಯೇ ಇತ್ತು. ಉದ್ದಕ್ಕೆ, ತೆಳ್ಳಗೆ ಇರುವವರದು ಕಿರಿದು. ಹಾಗಾದರೆ ತೆಳ್ಳಗಿನ ಗಂಡಸಿಗೆ ಹೆಣ್ಣಿನ ಮೊಣಕಾಲು ಕೂರಿಸಬೇಕೇ? ಅದರ ಮೇಲಿನ ಹೆಸರು ಓದಿದರೆ ಅವನಿಗೆ ಮುಜುಗರವಾದೀತು. ಅವನ ಎಲುಬಿಗೆ ಮಾತ್ರ ಅದು ಸರಿಯಾಗಿಯೇ ಹೊಂದೀತು.

ಅಂಗರಚನೆಯ ವಾದ ಎಷ್ಟಾದರೂ ವಾದವೇ. ಅಂತಿಮ ಪರೀಕ್ಷೆ ರೋಗಿಯ ಕಾಲಿನಲ್ಲಿ ಆಗಬೇಕು. ಅದನ್ನು ಅತ್ಯಂತ ಚೊಕ್ಕವಾಗಿ ಮಾಡಿದವರು ದಕ್ಷಿಣ ಕೊರಿಯಾದ ಸೋಲ್ ನಗರದ ಕಿಮ್ ಯಂಗ್-ಹೂ. ಎರಡೂ ಮೊಣಕಾಲು ಸವೆದು ಬಂದ ಹೆಂಗಸರನ್ನು ಅವರು ಆರಿಸಿಕೊಂಡರು. ಒಂದು ಕಾಲಿಗೆ ಸಾಮಾನ್ಯ ಇಂಪ್ಲಾಂಟ್, ಇನ್ನೊಂದಕ್ಕೆ ಹೆಂಗಸರದೆಂದು ಮಾರಿದ ಇಂಪ್ಲಾಂಟ್. ಯಾವುದು ಯಾವ ಕಾಲಿಗೆ ಎಂಬುದು ಚೀಟಿ ಎತ್ತಿದಂತೆ ತೀರ್ಮಾನ. ಇದರ ಸೊಗಸು ಏನೆಂದರೆ ಹೋಲಿಕೆ ಇಬ್ಬರು ಬೇರೆ ಬೇರೆ ಹೆಂಗಸರ ನಡುವೆ ಅಲ್ಲ. ಒಬ್ಬಳದೇ ತೂಕ, ಒಬ್ಬಳದೇ ವಯಸ್ಸು, ಒಬ್ಬಳದೇ ನೋವು ತಾಳುವ ಶಕ್ತಿ. ಬದಲಾದದ್ದು ಲೋಹ ಮಾತ್ರ. ಒಂದು ಪ್ರಯೋಗದಲ್ಲಿ 138 ಹೆಂಗಸರು, ಅಂದರೆ 276 ಮೊಣಕಾಲು. ಒಳಗಿನ ಅಸ್ಥಿರಜ್ಜುವನ್ನು ತೆಗೆದುಹಾಕುವ ಬೇರೆ ವಿನ್ಯಾಸದ ಇನ್ನೊಂದು ಪ್ರಯೋಗದಲ್ಲಿ 85 ಹೆಂಗಸರು, 170 ಮೊಣಕಾಲು. ಎರಡೂ 2010ರಲ್ಲಿ ಪ್ರಕಟವಾದವು. ಎರಡು ಮೂರು ವರ್ಷ ಹಿಂಬಾಲಿಸಿ ನೋಡಿದಾಗ ನೋವಿನಲ್ಲಿ, ಮಡಿಯುವಿಕೆಯಲ್ಲಿ, ರೋಗಿಯ ತೃಪ್ತಿಯಲ್ಲಿ, ಎಕ್ಸ್‌ರೇಯಲ್ಲಿ ಎರಡು ಕಾಲುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಯಾವ ಕಾಲು ನಿಮಗೆ ಹೆಚ್ಚು ಇಷ್ಟ ಎಂದು ಕೇಳಿದಾಗಲೂ ಪಕ್ಷಪಾತ ಕಾಣಲಿಲ್ಲ.

ಇನ್ನೊಂದು ಅಂಶ ಇದಕ್ಕಿಂತ ಸ್ವಾರಸ್ಯದ್ದು. ಹೆಂಗಸರದೆಂಬ ಇಂಪ್ಲಾಂಟು ಆ ಕೊರಿಯಾದ ಹೆಂಗಸರಿಗೆ ತೀರಾ ಕಿರಿದಾಗಿತ್ತು. ಬಹುಪಾಲು ಮೊಣಕಾಲುಗಳಲ್ಲಿ ಅದು ಎಲುಬಿನ ಅಂಚನ್ನು ಮುಟ್ಟದೆ ಒಳಗೇ ಉಳಿಯಿತು. ಸಾಮಾನ್ಯ ಮಾದರಿ ಅದಕ್ಕಿಂತ ಚೆನ್ನಾಗಿ ಹೊಂದಿತ್ತು. ಯಾವ ಹೆಂಗಸಿನ ಮೊಣಕಾಲಿನ ಅಳತೆ ಹಿಡಿದು ಆ ಮಾದರಿ ಎರಕ ಹೊಯ್ದರೋ ಆ ಹೆಂಗಸು ಸೋಲ್ ನಗರದಲ್ಲಿ ಇರಲಿಲ್ಲ. ಗುಡೂರಿನಲ್ಲಿ ಇದ್ದಾಳೆಂದು ನಂಬಲು ನಮಗೇನು ಆಧಾರ?

ಡೆನ್ಮಾರ್ಕಿನಲ್ಲಿಯೂ ಇದೇ ರೀತಿ ಒಬ್ಬಳಲ್ಲೇ ಎರಡು ಬಗೆ ಹಾಕಿದ ಪುಟ್ಟ ಪ್ರಯೋಗ ನಡೆದು 2012ರಲ್ಲಿ ಅದೇ ತೀರ್ಮಾನ ಬಂತು. ಬಳಿಕ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ ವಿಶ್ಲೇಷಣೆಗಳೂ ಅದನ್ನೇ ಹೇಳಿದವು. ಇದು ಅಚ್ಚರಿಯ ಸಂಗತಿಯೂ ಅಲ್ಲ. ಏಕೆಂದರೆ ಸಾಮಾನ್ಯ ಇಂಪ್ಲಾಂಟಿನಿಂದ ಹೆಂಗಸರಿಗೆ ಅನ್ಯಾಯವಾಗುತ್ತಿದೆ ಎಂಬ ಊಹೆಯನ್ನೇ ಕೆನಡಾದ ಲಂಡನ್ ಊರಿನ ಡಾಕ್ಟರರು 2008ರಲ್ಲಿ ತಮ್ಮ ಐದು ಸಾವಿರಕ್ಕೂ ಹೆಚ್ಚು ಮೊಣಕಾಲುಗಳ ದಾಖಲೆ ಬಿಚ್ಚಿ ನೋಡಿದ್ದರು. ಹೆಂಗಸರು ಶಸ್ತ್ರಚಿಕಿತ್ಸೆಗೆ ಬರುವಾಗ ಹೆಚ್ಚು ಹದಗೆಟ್ಟು ಬರುತ್ತಿದ್ದರು, ಸುಧಾರಣೆ ಗಂಡಸರಿಗಿಂತ ಕಡಿಮೆಯೇನೂ ಇರಲಿಲ್ಲ. ಹಾಕಿದ ಕೀಲನ್ನು ಮತ್ತೆ ತೆಗೆದು ಬದಲಿಸಬೇಕಾದ ಪ್ರಸಂಗ ಗಂಡಸರಲ್ಲೇ ಹೆಚ್ಚು.

ಹಾಗೆಂದು ಅಳತೆಯ ಮಾತೇ ಸುಳ್ಳು ಎಂದು ಗದ್ದುಗೆ ಏರಿ ಕೂರುವಂತಿಲ್ಲ. ಅಮೆರಿಕದ ಓರ್ಮಂಡ್ ಮಹೋನಿ ಮತ್ತು ಟ್ರೇಸಿ ಕಿನ್ಸಿ 2010ರಲ್ಲಿ 437 ಶಸ್ತ್ರಚಿಕಿತ್ಸೆಗಳ ವೇಳೆ ಲೋಹದ ಅಂಚು ಎಲುಬಿನಾಚೆ ಎಷ್ಟು ಚಾಚಿದೆ ಎಂದು ಅಳೆದಿಟ್ಟುಕೊಂಡರು. 3 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚಿನ ಚಾಚು ಗಂಡಸರ ಶೇ. 40 ಮೊಣಕಾಲುಗಳಲ್ಲಿ ಕಂಡರೆ ಹೆಂಗಸರ ಶೇ. 68ರಲ್ಲಿ ಕಂಡಿತು. ಅಂಥ ಚಾಚು ಇದ್ದವರಲ್ಲಿ ಎರಡು ವರ್ಷದ ಮೇಲೂ ತೊಂದರೆ ಕೊಡುವ ನೋವು ಉಳಿಯುವ ಸಂಭವ ಸುಮಾರು ಎರಡರಷ್ಟು. 3 ಮಿಲಿಮೀಟರ್ ಎಂದರೆ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಚರ್ಮದ ಒಳಗೆ, ಸ್ನಾಯುವಿನ ಪಟ್ಟಿ ದಿನಕ್ಕೆ ಸಾವಿರಾರು ಸಲ ಹಿಂದೆ ಮುಂದೆ ಜಾರುವ ಜಾಗದಲ್ಲಿ, ಅದು ಸಣ್ಣದಲ್ಲ.

ಎರಡೂ ಕಡೆಯ ಸಾಕ್ಷ್ಯವನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ತೋರುವುದು ಇಷ್ಟು: ಬೇಕಾದದ್ದು ಹೆಚ್ಚು ಸೈಜುಗಳು, ಅಂಟಿಸಿದ್ದು ಹೆಣ್ಣು ಗಂಡಿನ ಚೀಟಿ. ಮಾರುಕಟ್ಟೆಯೂ ಸದ್ದಿಲ್ಲದೆ ಇದನ್ನು ಒಪ್ಪಿಕೊಂಡಿತು. ಜಿಮ್ಮರ್‌ನದೇ ಮುಂದಿನ ಮಾದರಿ 'ಪರ್ಸೋನಾ', ಡೆಪ್ಯೂ ಕಂಪನಿಯ 'ಅಟ್ಯೂನ್' ಎರಡರಲ್ಲೂ ಒಂದೇ ದಪ್ಪಕ್ಕೆ 'ಸ್ಟ್ಯಾಂಡರ್ಡ್', 'ನ್ಯಾರೋ' ಎಂದು ಎರಡು ಅಗಲಗಳಿವೆ. ಕಿರಿದಾದದ್ದು ಕಿರಿದಾದ ಎಲುಬಿಗೆ, ಅದು ಯಾರದಾದರೇನು. ಬಾಗಲಕೋಟೆಯ ಕಡೆ ಈಗಲೂ "ಸರ, ನನಗ ಹೆಣ್ಣಮಕ್ಕಳ ಮಣಕಾಲ ಹಾಕ್ತೀರೋ, ಗಂಡಸರದೋ?" ಎಂದು ಕೇಳುವ ಅವ್ವಂದಿರಿದ್ದಾರೆ. "ಯವ್ವಾ, ನಿನ್ನ ಅಳತೀದ ಹಾಕ್ತೇವಿ" ಎನ್ನುವ ಡಾಕ್ಟರು ಇಪ್ಪತ್ತು ವರ್ಷದ ಸಂಶೋಧನೆಯನ್ನು ಒಂದು ಸಾಲಿನಲ್ಲಿ ಹೇಳಿದಂತೆ.

ಆ ಅಳತೆಯ ಇಂಪ್ಲಾಂಟು ಪೆಟ್ಟಿಗೆಯಲ್ಲಿ ಇರಬೇಕಷ್ಟೆ. ಪಾಶ್ಚಾತ್ಯರ ಎಲುಬು ಹಿಡಿದು ಮಾಡಿದ ಸೈಜುಗಳು ಭಾರತದ ಹೆಂಗಸರಿಗೆ ದೊಡ್ಡವು ಎಂಬುದನ್ನು ಅಂಕಿಯಲ್ಲಿ ತೋರಿಸಿದ್ದು 2000ದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ ಅಳೆದ, ವೈದ್ಯ ಎಂಬವರು ಮತ್ತು ಅವರ ಸಂಗಡಿಗರ ಅಧ್ಯಯನ. ಮೇಲೆ ಹೇಳಿದ ರಾಣಾವತ್ ಕೂಡ ಅದರ ಲೇಖಕರಲ್ಲಿ ಒಬ್ಬರು. ಅವರು ಅಳೆದ ಹೆಂಗಸರ ಮೊಣಕಾಲುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ಆಗ ಸಿಗುತ್ತಿದ್ದ ಅತಿ ಚಿಕ್ಕ ಸೈಜಿಗಿಂತಲೂ ಚಿಕ್ಕವಾಗಿದ್ದವು. ಗಂಡಸರಲ್ಲಿ ಹಾಗಿದ್ದದ್ದು ತೀರಾ ಕಡಿಮೆ. ಇಲ್ಲಿ ಸಮಸ್ಯೆ ಹೆಣ್ಣಿನದೂ ಹೌದು, ನಾಡಿನದೂ ಹೌದು. ಚಿಕ್ಕ ಎಲುಬಿಗೆ ದೊಡ್ಡ ಟೊಪ್ಪಿಗೆ ಹಾಕಿದರೆ ಎಲುಬನ್ನು ಹೆಚ್ಚು ಕೊಯ್ಯಬೇಕು, ಇಲ್ಲವೇ ಕೀಲು ಬಿಗಿದು ಮಡಿಯದು. ಪುಣೆಯ ಕೆ. ಎಚ್. ಸಂಚೇತಿಯವರು 'ಇಂಡಸ್' ಎಂಬ ದೇಶೀ ಮೊಣಕಾಲನ್ನು ರೂಪಿಸಿದ್ದು ಇಂಥ ಕೊರತೆಯ ಹಿನ್ನೆಲೆಯಲ್ಲಿಯೇ. ಆಮೇಲೆ ವಿದೇಶಿ ಕಂಪನಿಗಳೂ ಚಿಕ್ಕ ಸೈಜುಗಳನ್ನು ಸೇರಿಸಿದವು. ಕರ್ನಾಟಕದ ಹಲವು ವೈದ್ಯಕೀಯ ಕಾಲೇಜುಗಳ ಅಂಗರಚನಾ ವಿಭಾಗಗಳಲ್ಲಿ ಒಣ ಎಲುಬುಗಳನ್ನು ಅಳೆದು ಬರೆದ ಪ್ರಬಂಧಗಳೂ ಇವೆ. ಉಪಯೋಗದ ಕೆಲಸ, ಆದರೆ ಅದಕ್ಕೊಂದು ಮಿತಿ. ಕಪಾಟಿನಲ್ಲಿರುವ ಒಣ ಎಲುಬು ಯಾರದು, ಗಂಡಸಿನದೋ ಹೆಂಗಸಿನದೋ, ವಯಸ್ಸೆಷ್ಟು ಎಂಬುದು ಎಷ್ಟೋ ಸಲ ದಾಖಲಾಗಿರುವುದಿಲ್ಲ.

ಅಗಲದ ವಿಷಯ ಹೀಗಾದರೆ, ಮಡಿಯುವ ವಿಷಯ ನಮ್ಮ ಹೆಂಗಸರಿಗೆ ಅದಕ್ಕಿಂತ ಹತ್ತಿರದ್ದು. ಸಾಮಾನ್ಯವಾಗಿ ಬದಲಿಸಿದ ಮೊಣಕಾಲು 110ರಿಂದ 120 ಡಿಗ್ರಿಯವರೆಗೆ ಬಾಗುತ್ತದೆ. ಮೆಟ್ಟಿಲಿಗೆ, ಬಸ್ಸಿಗೆ, ಕುರ್ಚಿಗೆ ಸಾಕು. ರೊಟ್ಟಿಯ ಒಲೆಗೆ, ನೆಲದ ಪಂಕ್ತಿಗೆ, ಬಯಲಿಗೆ ಅಥವಾ ಭಾರತೀಯ ಶೈಲಿಯ ಶೌಚಕ್ಕೆ ಸಾಲದು. 'ಹೈ ಫ್ಲೆಕ್ಸ್' ಎಂಬ ಮಾದರಿಗಳು ಈ ಆಸೆಗೆಂದೇ ಬಂದವು. ಜಿಮ್ಮರ್‌ನ ಹೆಣ್ಣು ಮೊಣಕಾಲು ಕೂಡ ಅಂಥದೊಂದು ಹೈ ಫ್ಲೆಕ್ಸ್ ಮಾದರಿಯ ಮೇಲೆಯೇ ಕಟ್ಟಿದ್ದು. ಆಳವಾಗಿ ಮಡಚಲು ಅನುವಾಗಲೆಂದು ತೊಡೆಮೂಳೆಯ ಹಿಂಭಾಗದಲ್ಲಿ ಇನ್ನೂ ಎರಡು ಮಿಲಿಮೀಟರಿನಷ್ಟು ಎಲುಬು ಕೊಯ್ಯುತ್ತಾರೆ. ಕೊರಿಯಾದ ಮತ್ತೊಂದು ತಂಡ 2007ರಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿತು. ಅಂಥ 72 ಮೊಣಕಾಲುಗಳಲ್ಲಿ ಶೇ. 38ರಲ್ಲಿ ತೊಡೆಯ ಕಡೆಯ ಲೋಹ ಮೂರು ವರ್ಷದೊಳಗೇ ಸಡಿಲಾಗಿತ್ತು. ಕುಕ್ಕರಗಾಲಲ್ಲಿ ಕೂರಲು, ಮೊಣಕಾಲೂರಲು ಶಕ್ತರಾಗಿದ್ದವರಲ್ಲೇ ಅದು ಹೆಚ್ಚು. ಎಲ್ಲ ಕಡೆಯೂ ಹೀಗಾಗಲಿಲ್ಲ, ಕಿಮ್ ಅವರ ರೋಗಿಗಳಲ್ಲಿ ಇಂಥ ಸಡಿಲಿಕೆ ಕಾಣಲಿಲ್ಲ. ಆದರೂ ಶಸ್ತ್ರಚಿಕಿತ್ಸೆಯಾದ ಅತ್ತೆಗೆ ನೆಲದ ಒಲೆಯನ್ನು ಕಟ್ಟೆಯ ಮೇಲೆ ಎತ್ತಿಕೊಡುವುದು, ಶೌಚಕ್ಕೆ ಕಮೋಡ್ ಕೂರಿಸುವುದು ಇವು ಇಂಪ್ಲಾಂಟಿನ ಹೆಸರಿಗಿಂತ ಹೆಚ್ಚು ಬೆಲೆಯವು ಎಂದು ನಾನು ನಂಬುತ್ತೇನೆ. ನಿಂತು ರೊಟ್ಟಿ ಬಡಿದರೆ ರುಚಿ ಕೆಡುತ್ತದೆ ಎಂದು ವಾದಿಸುವ ಗಂಡಸರು ಒಮ್ಮೆ ತಾವೇ ಕೂತು ಬಡಿದು ನೋಡಲಿ.

ಹಣದ ಮಾತು. ಹೊಸ ಹೆಸರು ಬಂದಾಗಲೆಲ್ಲ ಹೊಸ ಬೆಲೆಯೂ ಬರುತ್ತಿತ್ತು. ಅದಕ್ಕೆ ಕಡಿವಾಣ ಬಿದ್ದದ್ದು 2017ರ ಆಗಸ್ಟ್ 16ರಂದು. ರಾಸಾಯನಿಕ ಮತ್ತು ರಸಗೊಬ್ಬರ ಸಚಿವರಾಗಿದ್ದ ಬೆಂಗಳೂರಿನ ಅನಂತಕುಮಾರ್ ದೆಹಲಿಯಲ್ಲಿ ಮೊಣಕಾಲು ಇಂಪ್ಲಾಂಟುಗಳಿಗೆ ಗರಿಷ್ಠ ಬೆಲೆ ಪ್ರಕಟಿಸಿದರು. ಹೆಚ್ಚು ಬಳಕೆಯ ಕೋಬಾಲ್ಟ್–ಕ್ರೋಮಿಯಂ ಮಾದರಿಯ ಸರಾಸರಿ ಮಾರಾಟ ಬೆಲೆ ಅಲ್ಲಿಯವರೆಗೆ ಒಂದೂವರೆ ಲಕ್ಷ ರೂಪಾಯಿ ದಾಟಿತ್ತು. ಅದು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಹೈ ಫ್ಲೆಕ್ಸ್ ಮಾದರಿಗೆ 56,490, ಟೈಟಾನಿಯಂ ಮುಂತಾದ ವಿಶೇಷ ಲೋಹಕ್ಕೆ 76,600. ಬೆಲೆಪಟ್ಟಿಯಲ್ಲಿ ಲೋಹಕ್ಕೆ ಸಾಲಿತ್ತು, ಮಡಿಕೆಗೆ ಸಾಲಿತ್ತು. ಹೆಂಗಸರ ಮೊಣಕಾಲು ಎಂಬ ಸಾಲು ಇರಲಿಲ್ಲ. ಸೋಲ್ ಮತ್ತು ಡೆನ್ಮಾರ್ಕಿನ ಫಲಿತಾಂಶಗಳನ್ನು ಓದಿದವರಿಗೆ ಅದು ಇರಬೇಕಿತ್ತು ಎನಿಸದು. ಸಾಮಾನ್ಯ ಕೋಬಾಲ್ಟ್–ಕ್ರೋಮಿಯಂ ಕೀಲು ನೇಕಾರರ ಮನೆಯ ಹೆಂಗಸಿಗೆ ಎರಡನೇ ದರ್ಜೆಯದಲ್ಲ.

ಹೆಣ್ಣು ಗಂಡಿನ ವ್ಯತ್ಯಾಸ ಎದ್ದು ಕಾಣುವುದು ಲೋಹದಲ್ಲಿ ಅಲ್ಲವಾದರೆ ಎಲ್ಲಿ? ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಇದನ್ನು ಹುಡುಕಿದವರಿದ್ದಾರೆ. ಗಿಲಿಯನ್ ಹಾಕರ್ ತಂಡ 2000ದಲ್ಲಿ ತೋರಿಸಿದ್ದು: ಶಸ್ತ್ರಚಿಕಿತ್ಸೆ ಬೇಕಿದ್ದೂ ಸಿಗದೆ ಉಳಿದವರ ಪ್ರಮಾಣ ಹೆಂಗಸರಲ್ಲಿ ಗಂಡಸರಿಗಿಂತ ಮೂರು ಪಟ್ಟಿಗೂ ಹೆಚ್ಚು. ಏಕೆ ಎಂದು ತಿಳಿಯಲು ಕಾರ್ನೀಲಿಯಾ ಬೋರ್ಕ್‌ಹಾಫ್ ಮತ್ತು ಸಂಗಡಿಗರು ಒಂದು ಉಪಾಯ ಹೂಡಿದರು. ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರ ಮೊಣಕಾಲೂ ಮಧ್ಯಮ ಪ್ರಮಾಣದಲ್ಲಿ ಸವೆದದ್ದು. ಇಬ್ಬರೂ ಒಂದೇ ಬಗೆಯಲ್ಲಿ ತಮ್ಮ ಕಷ್ಟ ಹೇಳಿಕೊಳ್ಳಲು ತರಬೇತಿ ಪಡೆದು 71 ಡಾಕ್ಟರರ ಬಳಿ ಹೋದರು. ಅವರಲ್ಲಿ 38 ಮಂದಿ ಕುಟುಂಬ ವೈದ್ಯರು, 33 ಮಂದಿ ಎಲುಬು ತಜ್ಞರು. ಫಲಿತಾಂಶ 2008ರಲ್ಲಿ ಹೊರಬಂತು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಗಂಡಸಿಗೆ ಹೇಳಿದವರು ಶೇ. 67, ಹೆಂಗಸಿಗೆ ಹೇಳಿದವರು ಶೇ. 33. ಎಲುಬು ತಜ್ಞರನ್ನಷ್ಟೇ ತೆಗೆದುಕೊಂಡರೆ ಸಂಖ್ಯಾಶಾಸ್ತ್ರದವರು 'ಆಡ್ಸ್' ಎಂದು ಕರೆಯುವ ತೂಕ ಗಂಡಸಿನ ಕಡೆಗೆ 22 ಪಟ್ಟು ವಾಲಿತ್ತು. (ಇದರರ್ಥ 22 ಪಟ್ಟು ಜನ ಎಂದಲ್ಲ. ಹಾಗೆ ಬರೆದ ಪತ್ರಿಕೆಗಳೂ ಇದ್ದಾವು.)

ಒಂಟಾರಿಯೊದ ಲೆಕ್ಕವನ್ನು ಹಾಗೆಯೇ ಎತ್ತಿ ಇಳಕಲ್ ತಾಲ್ಲೂಕಿಗೆ ಹಚ್ಚಲು ಬರುವುದಿಲ್ಲ. ಭಾರತದ ಕೀಲು ಶಸ್ತ್ರಚಿಕಿತ್ಸಕರ ಸಂಘ 2013ರಲ್ಲಿ ಕೊಟ್ಟ ನೋಂದಣಿ ವರದಿಯ ಪ್ರಕಾರ ಇಲ್ಲಿ ಮೊಣಕಾಲು ಬದಲಿಸಿಕೊಂಡ ನಾಲ್ವರಲ್ಲಿ ಸುಮಾರು ಮೂವರು ಹೆಂಗಸರು. ಮೇಲ್ನೋಟಕ್ಕೆ ಅವರಿಗೇ ಹೆಚ್ಚು ಸಿಗುತ್ತಿದೆ ಎನಿಸಬೇಕು. ಆದರೆ ಆ ಲೆಕ್ಕ ಆಪರೇಷನ್ ಟೇಬಲ್ಲಿನವರೆಗೆ ತಲುಪಿದವರದು. ಗೋಡೆ ಹಿಡಿದು ಏಳುತ್ತ ಮನೆಯಲ್ಲೇ ಉಳಿದವರು ಯಾವ ನೋಂದಣಿಯಲ್ಲೂ ಬರುವುದಿಲ್ಲ. ಮಗನ ಮದುವೆ ಆಗಲಿ, ಸುಗ್ಗಿ ಮುಗಿಯಲಿ, ಸೊಸೆಯ ಬಾಣಂತನ ಕಳೆಯಲಿ ಎಂದು ಮುಂದೂಡುವ ರೂಢಿ ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಅಷ್ಟರಲ್ಲಿ ಕಾಲು ಬಿಲ್ಲಿನಂತೆ ಹೊರಗೆ ಬಾಗಿರುತ್ತದೆ, ತೊಡೆಯ ಮುಂಭಾಗದ ಸ್ನಾಯು ಕರಗಿರುತ್ತದೆ, ಕೀಲು ಅರ್ಧಕ್ಕೆ ಮಡಿದಲ್ಲೇ ಬಿಗಿದಿರುತ್ತದೆ.

ಮುಂದೂಡಿದ್ದಕ್ಕೆ ತೆರಬೇಕಾದ ಬೆಲೆಯನ್ನು ಡಿಗ್ರಿಗಳಲ್ಲೇ ಅಳೆಯಬಹುದು. ಶಸ್ತ್ರಚಿಕಿತ್ಸೆಯ ಬಳಿಕ ಮೊಣಕಾಲು ಎಷ್ಟು ಮಡಿಯುತ್ತದೆ ಎಂಬುದನ್ನು ಮುಂಚಿತವಾಗಿ ಹೇಳಬಲ್ಲ ಸಂಗತಿಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು, ಶಸ್ತ್ರಚಿಕಿತ್ಸೆಗೆ ಮೊದಲು ಅದು ಎಷ್ಟು ಮಡಿಯುತ್ತಿತ್ತು ಎಂಬುದೇ. ಕಂಪನಿ, ಮಾದರಿ, ಹೆಸರುಗಳ ಪ್ರಭಾವ ಅದರ ಮುಂದೆ ಸಣ್ಣದು. ನೂರಿಪ್ಪತ್ತು ಡಿಗ್ರಿ ಮಡಿಯುವಾಗ ಬಂದವಳಿಗೆ ಹೆಚ್ಚುಕಡಿಮೆ ಅಷ್ಟು ಉಳಿಯುತ್ತದೆ. ಎಂಬತ್ತಕ್ಕೆ ಇಳಿದ ಮೇಲೆ ಬಂದವಳಿಗೆ ಒಂದಿಷ್ಟು ಮರಳಿ ಸಿಗುತ್ತದೆ, ಅದೂ ಮೊದಲ ಆರು ವಾರ ಕಣ್ಣೀರು ಒರೆಸಿಕೊಳ್ಳುತ್ತ ದಿನಕ್ಕೆ ಮೂರು ಹೊತ್ತು ಕಾಲು ಮಡಚಿ ಚಾಚುವ ವ್ಯಾಯಾಮ ಮಾಡಿದರೆ. ಆ ವ್ಯಾಯಾಮಕ್ಕೆ ಹೊತ್ತು ಸಿಗಬೇಕೆಂದರೆ ಅಷ್ಟು ದಿನ ಆ ಮನೆಯಲ್ಲಿ ಕಂಡಿಕೆಯನ್ನೂ ರೊಟ್ಟಿಯನ್ನೂ ಬೇರೆ ಯಾರಾದರೂ ನೋಡಿಕೊಳ್ಳಬೇಕು.